ಅಮೀನ್ ಸಾಹೇಬರು ಹುಳು ಹುಡುಕಿದ ಮಳೆಗಾಲ

ಕಳೆದ ವಾರ ಕಾಲಿನ ಹೆಬ್ಬೆರಳಿಗೆ ಕಲ್ಲು ಎಡವಿ ಉಗುರು ಎದ್ದಿತ್ತು. ಸೇಡಂ ರಸ್ತೆಯ ದವಾಖಾನೆಗೆ ಹೋದೆ. ಕಂಪೌಂಡರ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಗಾಯದ ಮೇಲಿಟ್ಟ. ಉರಿಗಿಂತ ಮೊದಲು ವಾಸನೆ ಬಂತು. ನಾನು ತಟ್ಟನೆ ತಲೆಯೆತ್ತಿ ಬಾಗಿಲ ಕಡೆ ನೋಡಿದೆ.

"ಯಾಕ್ರಿ ಅಜ್ಜಾರ, ಯಾರರ ಬರೋರಿದ್ರೇನು?" ಎಂದು ಅವನು ಕೇಳಿದ.

ಯಾರೂ ಬರುವವರಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದರೆ ಪೊಲೀಸರು ಬಂದರೇನೋ ಎಂದು ಬಾಗಿಲು ನೋಡುವ ರೂಢಿ ನನಗೆ ಬಿದ್ದದ್ದು ನಿಜಾಮರ ಕಾಲದಲ್ಲಿ. ಹೈದರಾಬಾದಿನಲ್ಲಿ ಮೂಸಿ ಹೊಳೆ ಊರೊಳಗೆ ನುಗ್ಗಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದ ಮರುವರ್ಷದ ಮಳೆಗಾಲ ಅದು.

ಆಗ ನನಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಕಲಬುರ್ಗಿಯ ಒಂದು ಸರ್ಕಾರಿ ಮದರಸೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ, ಆಗ ಶಾಲೆಗೆ ಅದೇ ಹೆಸರು. ಪಾಠವೆಲ್ಲ ಉರ್ದುವಿನಲ್ಲಿ, ಮನೆಯಲ್ಲಿ ಕನ್ನಡ. ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದ್ದರಿಂದ ಒಂದಿಷ್ಟು ಇಂಗ್ಲಿಷೂ ಬರುತ್ತಿತ್ತು. ಆ ಇಂಗ್ಲಿಷೇ ನನ್ನನ್ನು ಇದರಲ್ಲಿ ಸಿಕ್ಕಿಸಿತು. ಆರಿದ್ರ ಮಳೆ ಹಿಡಿದಿದ್ದ ಒಂದು ದಿನ ಪೊಲೀಸ್ ಚೌಕಿಯಿಂದ ಕರೆ ಬಂತು. ಅಲ್ಲಿನ ಮುಖ್ಯಸ್ಥರು ಅಮೀನ್ ಖಾಸೀಂ ಅಲಿ. ಆಳಂದದ ಕಡೆಯವರು, ತೆಳ್ಳಗಿನ ಮನುಷ್ಯ. ಎಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟೇ ಕೂಡುತ್ತಿದ್ದರು. ಚಹಾ ಕುಡಿಯುವ ಮೊದಲು ಒಮ್ಮೆ ಮೂಸಿ ನೋಡುತ್ತಿದ್ದರು, ತಮ್ಮ ಮನೆಯ ಚಹಾ ಆದರೂ ಸರಿಯೇ.

"ಕೂಡ್ರಿ ಮಾಸ್ತರ. ಊರಿಗೆ ಒಬ್ಬ ಬಂಗಾಳಿ ಬಂದಾನ. ಕೇಳೀರೇನು?"

"ಇಲ್ರಿ ಸಾಹೇಬ್ರ."

"ಇಡೀ ಊರು ಕೇಳ್ಯಾದ, ನೀವೊಬ್ಬರು ಕೇಳಿಲ್ಲ?" ಎಂದು ಅವರು ನನ್ನ ಮುಖವನ್ನೇ ನೋಡಿದರು. ನಾನು ನಿಜಕ್ಕೂ ಕೇಳಿದ್ದೆ. ಚೌಕಿಯಲ್ಲಿ ಕೂತವನಿಗೆ ಇಲ್ಲ ಎನ್ನುವುದೇ ಮೊದಲು ನೆನಪಾಗುತ್ತದೆ.

"ಹುಳಾ ಹಿಡ್ಯಾಕ ಬಂದೀನಿ ಅಂತಾನ. ಕಲ್ಕತ್ತಾದಿಂದ ಕಲಬುರ್ಗಿ ತನಕ, ಹುಳಾ ಹಿಡ್ಯಾಕ! ಯಾಕ, ಅಲ್ಲಿ ಹುಳಾ ಇಲ್ಲೇನು? ಹೈದರಾಬಾದಿಂದ ಪರವಾನಗಿ ತಂದಾನ, ಹಂಗಂತ ಬಿಟ್ಟೀನಿ. ಆದ್ರ ಬಾಟ್ಲಿ ನೋಡ್ರಿ, ಒಂದು ಗಾಡಿ ತುಂಬ ಬಾಟ್ಲಿ. ನಿಮಗ ಇಂಗ್ರೇಜಿ ಬರ್ತದ. ಮದರಸಾಕ್ಕ ನಾ ಹೇಳ್ತೀನಿ. ಅವನ ಜೋಡಿ ತಿರಗಾಡ್ರಿ. ಜುಮ್ಮಾಕ್ಕೊಮ್ಮೆ ಬಂದು ನನಗ ಹೇಳ್ರಿ."

ಆ ದಿನಗಳಲ್ಲಿ ಬಂಗಾಳಿ ಎಂದರೆ ಬಾಂಬು ಎಂಬ ಮಾತಿತ್ತು. ಕಲ್ಕತ್ತೆಯ ಕಡೆ ತರುಣರು ಇಂಗ್ಲಿಷ್ ಅಧಿಕಾರಿಗಳ ಮೇಲೆ ಬಾಂಬು ಎಸೆಯುತ್ತಾರೆಂದು ಪತ್ರಿಕೆಗಳು ಬರೆಯುತ್ತಿದ್ದವು. ರೈಲಿನಲ್ಲಿ ಬಂದಿಳಿದ ಕನ್ನಡಕದ ಬಂಗಾಳಿಯನ್ನು ಸ್ಟೇಷನ್ನಿನ ಹಮಾಲರು ಕೂಡ ದೂರದಿಂದ ನೋಡುತ್ತಿದ್ದರು. ನನಗೂ ಮನಸ್ಸಿನೊಳಗೆ ಅಳುಕಿತ್ತು.

ಅವರ ಹೆಸರು ನಿರಂಜನ ಬಾಬು. ಮೂವತ್ತು ದಾಟಿದ, ಸಣ್ಣ ದನಿಯ ಮನುಷ್ಯ. ಕಲ್ಕತ್ತೆಯ ಒಂದು ಸಂಗ್ರಹಾಲಯದಲ್ಲಿ ನೌಕರಿ. ಮಾತು ಹಿಂದೂಸ್ತಾನಿ, ಸಿಕ್ಕಿಕೊಂಡಾಗ ಇಂಗ್ಲಿಷು. ಅದನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಎರಡು ದಿನ ಜೊತೆಗೆ ತಿರುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಬಾಬೂಜಿ, ನೀವು ಮಾಡುವುದನ್ನೆಲ್ಲ ಅಮೀನರಿಗೆ ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ" ಎಂದುಬಿಟ್ಟೆ.

ಅವರು ನಕ್ಕರು. "ಒಳ್ಳೆಯದಾಯಿತು. ಪ್ರತಿ ಊರಲ್ಲೂ ಇಂಥವರೊಬ್ಬರು ಇರುತ್ತಾರೆ. ಯಾರೆಂದು ಹುಡುಕುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು."

ಹಗುರಾಗಬೇಕಿದ್ದ ನನ್ನ ಮನಸ್ಸು ಇನ್ನಷ್ಟು ಭಾರವಾಯಿತು. ಹುಳು ಹಿಡಿಯುವವನಿಗೆ ಪೊಲೀಸರ ರೀತಿ ಇಷ್ಟು ಹೇಗೆ ಗೊತ್ತು?

ಮೊದಲು ಅವರು ಶರಣಬಸವೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಲ್ಲೇ ಒಂದು ಖೋಲಿ ಹಿಡಿದಿದ್ದರು. ಹುಳುಗಳನ್ನು ಕೆಡದಂತೆ ಇಡಲು ಸ್ಪಿರಿಟ್ ಬೇಕು. ಆ ವಾಸನೆ ಓಣಿಯ ತುಂಬ ಹರಡಿ, ಬಾಬು ಹಾಡಹಗಲೇ ಕುಡಿಯುತ್ತಾರೆ ಎಂದಾಯಿತು. ಒಂದು ದಿನ ಮೀನನ್ನೂ ಬೇಯಿಸಿದರು. ಅವತ್ತೇ ಮನೆಯೊಡತಿ ಸಾಮಾನು ಹೊರಗಿಟ್ಟಳು. ಸ್ಟೇಷನ್ನಿನ ಹತ್ತಿರ ಬೇರೆ ಖೋಲಿ ನೋಡಿಕೊಟ್ಟೆ. ನಮ್ಮ ಮನೆಯಲ್ಲಿ ಆ ಸಂಜೆ ನನಗೆ ರೊಟ್ಟಿ ಬಡಿಸುವ ಮೊದಲು ಅವ್ವ ನನ್ನ ಬಾಯಿ ಮೂಸಿ ನೋಡಿದಳು.

ಕಲಬುರ್ಗಿಯ ನೀರನ್ನೆಲ್ಲ ಅವರು ಜಾಲಾಡಿದರು. ಅಪ್ಪನ ಕೆರೆ, ಕೋಟೆಯ ಕಂದಕ, ಎರೆನೆಲದ ನಡುವೆ ಹರಿಯುವ ಕೆಸರು ಹಳ್ಳಗಳು. ಕೋಲಿಗೆ ಕಟ್ಟಿದ ಬಿಳಿ ಅರಿವೆಯ ಜಾಳಿಗೆಯನ್ನು ನೀರಿನಲ್ಲಿ ಎಳೆದು, ಬಂದ ಕಸವನ್ನು ತಾಟಿನಲ್ಲಿ ಸುರಿದು, ಮೊಣಕಾಲೂರಿ ಕೂತು ಒಂದೊಂದನ್ನೇ ಚಿಮಟಿಗೆಯಿಂದ ಎತ್ತುತ್ತಿದ್ದರು. ನೀರು ತುಂಬಲು ಬಂದ ಹೆಂಗಸರು ಕೊಡ ಹಿಡಿದು ದೂರ ನಿಂತಿರುತ್ತಿದ್ದರು. ನಾವು ಎದ್ದು ಹೋದರೂ ಆ ದಂಡೆಯಲ್ಲಿ ನೀರು ತುಂಬುತ್ತಿರಲಿಲ್ಲ, ಇನ್ನೊಂದು ದಂಡೆಗೆ ಹೋಗುತ್ತಿದ್ದರು.

"ನಿಜವಾಗಿ ನೀವು ಏನು ಹುಡುಕುತ್ತಿದ್ದೀರಿ?" ಎಂದು ಒಂದು ದಿನ ಕೇಳಿದೆ.

"ಸರಹದ್ದು" ಎಂದರು.

ನಾನು ಸುತ್ತ ನೋಡಿದೆ. ಯಾರೂ ಕೇಳಿಸಿಕೊಂಡಂತಿರಲಿಲ್ಲ. ಅವರು ತಾಟಿನಿಂದ ತಲೆಯೆತ್ತದೆ ಹೇಳುತ್ತ ಹೋದರು. ಪಡುವಣ ಘಟ್ಟಗಳ ತೊರೆಗಳಲ್ಲಿ ಒಂದು ಬಗೆಯ ಹುಳುಗಳಿವೆ. ಅವಕ್ಕೆ ವರ್ಷವಿಡೀ ಹರಿಯುವ ತಂಪು ನೀರು ಬೇಕು. ಈ ಬಯಲುನಾಡಿನ ಕೆರೆ ಹಳ್ಳಗಳಲ್ಲಿ ಇನ್ನೊಂದು ಬಗೆ, ಬಿಸಿಲಿಗೂ ಕೆಸರಿಗೂ ಒಗ್ಗಿದವು. ಒಂದು ನಾಡು ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ? ದೊಡ್ಡ ವಿದ್ವಾಂಸರು ನಕಾಶೆಯ ಮೇಲೆ ಗೆರೆ ಎಳೆದಿದ್ದಾರೆ. ಹಕ್ಕಿ ನೋಡಿ ಎಳೆದಿದ್ದಾರೆ, ಮೃಗ ನೋಡಿ ಎಳೆದಿದ್ದಾರೆ. ನೀರಿನ ಹುಳುವನ್ನು ಕೇಳಿದವರು ಕಡಿಮೆ. "ಹುಲಿ ನಡೆದು ಹೋಗುತ್ತದೆ, ಹಕ್ಕಿ ಹಾರಿ ಹೋಗುತ್ತದೆ. ನೀರಿನ ಹುಳು ಮುಂದೆ ರೆಕ್ಕೆ ಬಂದರೂ ತನ್ನ ನೀರು ಬಿಟ್ಟು ಬಹಳ ದೂರ ಹೋಗಲಾರದು. ಅದಕ್ಕೇ ಅದರ ಸಾಕ್ಷಿ ಗಟ್ಟಿ."

ಶುಕ್ರವಾರ, ಜುಮ್ಮಾದ ದಿನ, ಇದನ್ನೇ ಹೇಳಿದಾಗ ಅಮೀನ್ ಸಾಹೇಬರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ಸರಹದ್ದು? ಯಾರ ಸರಹದ್ದು?"

"ಹುಳದ್ದು ಅಂತಾರ್ರಿ."

"ಹುಳಾಕ್ಕ ಸರಹದ್ದು ಇರ್ತದ ಅಂತ ನೀವು ನಂಬಿದ್ರಿ?"

ನಂಬಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಹುಬ್ಬಿ ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಗಾಡಿ ಕಟ್ಟಿಸಿಕೊಂಡು ಕಮಲಾಪುರಕ್ಕೆ ಹೋದೆವು. ಹುಮನಾಬಾದಿನ ದಾರಿ. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಎತ್ತುಗಳು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದವು. ಊರು ಸಮೀಪಿಸುತ್ತಿದ್ದಂತೆ ನೆಲ ಏರಿತು. ಕಪ್ಪು ಮಣ್ಣು ಹೋಗಿ ಕೆಂಪು ಬಂತು. ಬಾಬು ಗಾಡಿಯಿಂದ ಇಳಿದು ನಡೆಯತೊಡಗಿದರು. ಒಂದು ಕೆಂಪು ಕಲ್ಲು ಎತ್ತಿಕೊಂಡು ಒಡೆದು ಮೂಸಿದರು. ಮುಂದೆ ಕೆಂಬಾಳೆಯ ತೋಟಗಳು. ಕಮಲಾಪುರದ ಆ ಬಾಳೆಹಣ್ಣು ನಮ್ಮ ಕಡೆಗೆಲ್ಲ ಹೆಸರಾದದ್ದು, ಸಿಪ್ಪೆ ತಾಮ್ರದ ಬಣ್ಣ, ಒಳಗೆ ಬೆಣ್ಣೆ. ಒಂದು ದೊಡ್ಡ ತೋಟದ ಮೇಲ್ತುದಿಯಲ್ಲಿ, ಕೆಂಪು ಬಂಡೆಯ ಬುಡದಿಂದ ಝರಿಯೊಂದು ಹರಿದು ಬರುತ್ತಿತ್ತು.

ತೋಟದೊಡತಿ ನೀಲವ್ವ. ಗಂಡ ತೀರಿ ಕೆಲ ವರ್ಷಗಳಾಗಿದ್ದವು. ಬಾಳೆಯ ಬುಡದ ಮರಿ ಕಡಿಯುತ್ತಿದ್ದ ಕುಡುಗೋಲನ್ನು ಹಿಡಿದೇ ಬಂದಳು.

"ಏನ್ರಿ ಇದು? ಯಾರ್ರಿ ನೀವು?"

"ಇವರು ಹುಳಾ ನೋಡಾಕ ಬಂದಾರ್ರಿ ನೀಲವ್ವಾರ. ನಾ ಕಲಬುರ್ಗಿ ಮಾಸ್ತರ."

"ಹುಳಾ ಬಾಳಿಗಿಡಕ್ಕ ಬೀಳ್ತಾವ. ನೀರಾಗ ಏನ್ ನೋಡ್ತೀರಿ? ಖರೇ ಹೇಳ್ರಿ, ನನ್ನ ಮೈದುನ ಕಳಸ್ಯಾನೋ ಇಲ್ಲೋ?"

ಮೈದುನ ಶರಣಪ್ಪನ ತೋಟ ಒಡ್ಡಿನ ಆಚೆ. ಝರಿ ಯಾರದ್ದು ಎಂಬ ಜಗಳ ಗಂಡ ಬದುಕಿದ್ದಾಗಲೇ ಶುರುವಾಗಿತ್ತಂತೆ. ಒಡ್ಡಿನ ಮೇಲಿನ ಗಡಿಕಲ್ಲು ಮಳೆಗಾಲಕ್ಕೊಮ್ಮೆ ತಾನಾಗಿಯೇ ಆಚೀಚೆ ಸರಿಯುತ್ತದೆ ಎಂದು ಊರವರು ನಗುತ್ತಿದ್ದರು. ನಾನು ಆಣೆ ಮಾಡಿ ಹೇಳಿದ ಮೇಲೆ ಅವಳು ಬಿಟ್ಟಳು. ಆದರೆ ಅಲ್ಲಿಂದ ಕದಲಲಿಲ್ಲ.

ಸುಮ್ಮನೆ ನಿಂತಿರಲಾರದೆ ನಾನೂ ನೀರಿಗಿಳಿದಿದ್ದೆ. ನೀರು ಕಾಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅಂಗೈಯಗಲದ ಒಂದು ಕಲ್ಲನ್ನು ಮಗುಚಿದೆ. ಅದರ ಅಡಿಗೆ ಮರಳ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಸಣ್ಣ ಕೊಳವೆ, ಜೋಳದ ಕಾಳಿಗಿಂತ ಸ್ವಲ್ಪ ಉದ್ದ. ಕಸ ಎಂದುಕೊಂಡೆ. ಅಷ್ಟರಲ್ಲಿ ಕೊಳವೆಯ ತುದಿಯಿಂದ ಕಂದು ತಲೆಯೊಂದು ಹೊರಬಂತು, ಹಿಂದೆಯೇ ಆರು ಕಾಲು. ಮನೆಯನ್ನು ಬೆನ್ನಿಗೆ ಎಳೆದುಕೊಂಡು ಹುಳು ನಡೆಯತೊಡಗಿತು.

"ಬಾಬೂಜಿ!" ಎಂದು ಕೂಗಿ ಅದನ್ನು ಅವರ ಕೈಗೆ ಕೊಟ್ಟೆ.

ಅವರ ಮುಖದಲ್ಲಿ ಸಂತೋಷ ಕಾಣುತ್ತದೆಂದು ಕಾದಿದ್ದೆ. ಬದಲಿಗೆ ಬಣ್ಣವೇ ಇಳಿಯಿತು. "ಇದನ್ನು ನಿಮಗೆ ಯಾರು ಕೊಟ್ಟರು?"

"ಯಾರು ಕೊಡುತ್ತಾರೆ? ಕಲ್ಲಿನ ಕೆಳಗಿತ್ತು."

"ನಿಮ್ಮ ಇನ್ನೊಂದು ಕೈ ತೋರಿಸಿ."

ಛಡಿ ಏಟಿಗೆ ಕೈ ಚಾಚುವ ನನ್ನ ಮದರಸೆಯ ಹುಡುಗರಂತೆ ನಾನು ಖಾಲಿ ಅಂಗೈ ತೋರಿಸಿದೆ. ಮೈಯೆಲ್ಲ ಉರಿಯಿತು. ನಾನು ಅವರನ್ನು ಸಂಶಯಿಸಿದ್ದೆ, ನಿಜ. ಅವರೂ ನನ್ನನ್ನು ಹಾಗೆ ನೋಡಬಹುದೆಂದು ಎಣಿಸಿರಲಿಲ್ಲ. ಅವರೇ ನೀರಿಗಿಳಿದು ಕಲ್ಲುಗಳನ್ನು ಮಗುಚಿ ಇನ್ನೂ ಮೂರ್ನಾಲ್ಕು ಹಿಡಿದ ಮೇಲೆ ನನ್ನ ಕಡೆ ತಿರುಗಿದರು. "ತಪ್ಪು ತಿಳಿಯಬೇಡಿ ಮಾಸ್ತರ್. ಇದು ಘಟ್ಟದ ಹುಳು. ಇಲ್ಲಿರಬಾರದು. ಹಿಂದೆ ಬೇರೆ ಸೀಮೆಯಲ್ಲಿ ನನ್ನ ಸಹಾಯಕನೊಬ್ಬ, ನಾನು ಖುಷಿಪಡಲಿ ಎಂದು ಬೇರೆಲ್ಲಿಯದೋ ಹುಳುವನ್ನು ತಂದು ಕೈಗಿಟ್ಟ. ಒಂದು ಸುಳ್ಳನ್ನು ಅಚ್ಚು ಮಾಡಿಸುವುದರಲ್ಲಿದ್ದೆ."

ಮರಳುವಾಗ ನಾನು ಗಾಡಿಯ ಹಿಂತುದಿಯಲ್ಲಿ, ಅವರಿಗೆ ಬೆನ್ನು ಮಾಡಿ ಕೂತೆ.

ಜುಮ್ಮಾದ ದಿನ ಅಮೀನರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. "ಇರಬಾರದ್ದು ಅಲ್ಲಿ ಅದ, ಅಂದ್ನಾ?" ಎಂದು ಅವರು ಗಡ್ಡ ಸವರಿದರು. "ನಲವತ್ತು ಸಲ ನೋಡೀನಿ ಮಾಸ್ತರ. ಇರಬಾರದ್ದು ಇದ್ರ, ಯಾರೋ ತಂದು ಇಟ್ಟಿರ್ತಾರ." ಆ ಮೊದಲೇ ಶರಣಪ್ಪ ಚೌಕಿಗೆ ಬಂದು, ಬಂಗಾಳಿಯೊಬ್ಬ ನಮ್ಮ ಅತ್ತಿಗೆಯ ಪರವಾಗಿ ಗಡಿ ಗುರುತು ಮಾಡಿ ಹೋದ ಎಂದು ದೂರಿದ್ದನಂತೆ. ಬಾಬು ಒಂದು ಸಲ ಸರಹದ್ದು ಎಂದದ್ದು ಒಡ್ಡಿನ ಆಚೆ ಕೇಳಿಸಿತ್ತು.

ಮರುದಿನ ಬೆಳಗ್ಗೆ ಬಾಬುವಿನ ಖೋಲಿಯ ತಪಾಸಣೆ ನಡೆಯಿತು. ಖೋಲಿಯ ಬಾಟಲಿಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಇಟ್ಟರು. ಅಮೀನರು ಒಂದೊಂದನ್ನೂ ಮೂಸಿದರು. ಒಳಗಿದ್ದ ಚೀಟಿಯೊಂದನ್ನು ಬೆಳಕಿಗೆ ಹಿಡಿದರು.

"ಇದು ಯಾವ ಭಾಷಾ?"

"ಲ್ಯಾಟಿನ್. ಹುಳುವಿನ ಹೆಸರು" ಎಂದರು ಬಾಬು.

"ಯಾರು ಮಾತಾಡ್ತಾರ ಇದನ್ನ?"

"ಈಗ ಯಾರೂ ಮಾತಾಡುವುದಿಲ್ಲ."

"ಯಾರೂ ಮಾತಾಡಲಾರದ ಭಾಷಾದಾಗ ಬರೀತೀರಿ. ಯಾಕ? ಯಾರಿಗೂ ತಿಳೀಬಾರದು ಅಂತ?"

ಜವಾನರು ಬಾಟಲಿಗಳನ್ನು ಒಂದಾದ ಮೇಲೊಂದು ದೊಡ್ಡ ಹಿತ್ತಾಳೆಯ ಪರಾತದಲ್ಲಿ ಬಗ್ಗಿಸಿದರು, ಅಡಿಯಲ್ಲಿ ಸಿಡಿಮದ್ದು ಇದೆಯೇನೋ ಎಂದು. ಹುಳುಗಳೂ, ಯಾವುದು ಯಾವ ನೀರಿನದೆಂದು ಬರೆದಿದ್ದ ಚೀಟಿಗಳೂ ಒಂದೇ ರಾಶಿಯಾದವು. ಬಾಬು "ಬೇಡಿ, ಬೇಡಿ" ಎನ್ನುತ್ತ ಎರಡು ಹೆಜ್ಜೆ ಮುಂದೆ ಬಂದರು. ಜವಾನನೊಬ್ಬ ಎದೆಗೆ ಕೈಯಿಟ್ಟು ಹಿಂದೆ ತಳ್ಳಿದ. ಸಿಡಿಮದ್ದು ಇರಲಿಲ್ಲ. ರಾಶಿಯನ್ನು ಕೈಗೆ ಬಂದಂತೆ ಬಾಟಲಿಗಳಿಗೆ ತುಂಬಿ ಅವರು ಹೊರಟುಹೋದರು.

ನಂತರದ ದಿನಗಳಲ್ಲಿ ಬಾಬು ಖೋಲಿಯ ಕಿಟಕಿಗೆ ಕೂತು ಆ ರಾಶಿಯನ್ನು ಬಿಡಿಸುತ್ತಲೇ ಇದ್ದರು. ಬಹಳಷ್ಟನ್ನು ಗುರುತಿಸಿದರು. ಆದರೆ ಆ ಮರಳಮನೆಯ ಹುಳುಗಳು ಉಳಿದುಬಿಟ್ಟವು. ಬರುವ ದಾರಿಯಲ್ಲಿ ಘಟ್ಟದಲ್ಲಿ ಇಳಿದು ಅಂಥವೇ ಹುಳುಗಳನ್ನು ಹಿಡಿದು ತಂದಿದ್ದರು. ಅವೂ ಇವೂ ಬೆರೆತಿದ್ದವು.

"ಕಮಲಾಪುರದವು ಯಾವುವೆಂದು ನಿಮಗೆ ನೆನಪಿಲ್ಲವೇ?" ಎಂದೆ.

"ಇದೆ. ಈ ನಾಲ್ಕು."

"ಮತ್ತೇಕೆ ಚಿಂತೆ? ಚೀಟಿ ಬರೆದು ಹಾಕಿ."

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನನಗೆ ಬೇಕಾದದ್ದನ್ನೇ ನನ್ನ ನೆನಪು ಹೇಳುತ್ತಿದೆ ಮಾಸ್ತರ್. ಹಾಗೆ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನ ತಲೆಯಾದರೂ ಅಷ್ಟೇ."

ಅವತ್ತು ನನ್ನ ಅಂಗೈಯ ಉರಿ ಆರಿತು. ಈ ಮನುಷ್ಯ ನನ್ನನ್ನು ಎಷ್ಟು ಸಂಶಯಿಸಿದ್ದರೋ ತಮ್ಮನ್ನು ಅದಕ್ಕಿಂತ ಹೆಚ್ಚು ಸಂಶಯಿಸುತ್ತಿದ್ದರು. ಆದರೂ ನನ್ನ ಮನಸ್ಸು ಪೂರ್ತಿ ತಿಳಿಯಾಯಿತೆಂದು ಹೇಳಲಾರೆ. ಸ್ಟೇಷನ್ನಿನ ಕಡೆಯಿಂದ ಅವರನ್ನು ಕಾಣಲು ಒಮ್ಮೆ ಯಾರೋ ಅಪರಿಚಿತರು ಬಂದು ಹೋಗಿದ್ದರು. ಯಾರೆಂದು ಕೇಳಿದರೆ "ನಮ್ಮೂರಿನವರು" ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದರು.

ಮತ್ತೆ ಕಮಲಾಪುರಕ್ಕೆ ಹೋಗಿ ಹುಡುಕುವುದೊಂದೇ ದಾರಿ. ಆದರೆ ತಪಾಸಣೆಯ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಬಂಗಾಳಿ ಝರಿಗೆ ಏನೋ ಹಾಕಿ ಹೋಗಿದ್ದಾನೆ, ಅದಕ್ಕೇ ಸರ್ಕಾರ ಬಾಟಲಿ ಜಪ್ತಿ ಮಾಡಿತು ಎಂದು ಜನ ಆಡಿಕೊಳ್ಳುತ್ತಿದ್ದರು. ಬಾಬು ಕೋಟು ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ನೇರ ಚೌಕಿಗೆ ನಡೆದರು.

"ಅಮೀನ್ ಸಾಹೇಬ್, ನೀವು ನನ್ನನ್ನು ನಂಬುವುದಿಲ್ಲ ಅಲ್ಲವೇ?"

"ಇಲ್ಲ."

"ಆ ಹುಳು ಕಮಲಾಪುರದ ಝರಿಯಲ್ಲಿ ಸಿಕ್ಕಿತು ಎಂದರೆ?"

"ಅದನ್ನೂ ನಂಬಂಗಿಲ್ಲ."

"ಹಾಗಾದರೆ ನೀವೇ ಬನ್ನಿ. ನಾನು ದಂಡೆಯ ಮೇಲೆ ಕೈಕಟ್ಟಿ ಕೂಡುತ್ತೇನೆ. ನೀರಿಗೆ ಇಳಿಯುವವರು ನೀವು, ಕಲ್ಲು ಎತ್ತುವವರು ನೀವು. ನನ್ನ ಮೇಲೆ ವಿಶ್ವಾಸವಿಟ್ಟವರ ಸಾಕ್ಷಿ ನನಗೆ ಬೇಡ. ನಿಮ್ಮದು ಬೇಕು."

ಅಮೀನರು ನನ್ನ ಕಡೆ ತಿರುಗಿ, "ಇದರಾಗೂ ಏನೋ ಅದ ಮಾಸ್ತರ" ಎಂದರು. ಆದರೂ ಕುದುರೆಗೆ ಜೀನು ಹಾಕಲು ಹೇಳಿದರು.

ಚಿತ್ತಿ ಮಳೆಯ ಹೊತ್ತು. ದಾರಿಯ ಎರಡೂ ಕಡೆ ತೊಗರಿ ಎದೆಮಟ್ಟ ನಿಂತಿತ್ತು. ತೋಟದ ಬಾಗಿಲಲ್ಲಿ ನೀಲವ್ವ ಅಡ್ಡ ನಿಂತಿದ್ದಳು. ಒಡ್ಡಿನ ಆಚೆ ಶರಣಪ್ಪ, ಅವನ ಹಿಂದೆ ಊರಿನ ಅರ್ಧ ಜನ.

"ಈ ಬಂಗಾಳಿ ಸಾಹೇಬನ ಮ್ಯಾಲ ನನಗ ನಂಬಿಕಿ ಇಲ್ಲ. ನಿಮ್ಮ ಮ್ಯಾಲ ಅದರಕಿಂತ ಇಲ್ರಿ ಅಮೀನ್ ಸಾಬ" ಎಂದಳು. "ಮೊದಲು ಒಂದು ಮಾತು ಹೇಳ್ರಿ. ಇವರ ಸರಹದ್ದು ಎಲ್ಲಿ ಬರ್ತದ?"

ನಾನು ಅದನ್ನು ಹಿಂದೂಸ್ತಾನಿಯಲ್ಲಿ ಹೇಳಿದೆ. ದೂರ ಎಲ್ಲಿಯೋ ಎಂದು ಬಿಡಲಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಬಾಬು ಝರಿಯನ್ನೂ ಆಚೆಯ ಗುಡ್ಡವನ್ನೂ ನೋಡಿ, "ನನಗೆ ತೋರುವ ಮಟ್ಟಿಗೆ, ಇವರ ತೋಟದ ಹತ್ತಿರವೇ ಬರುತ್ತದೆ" ಎಂದರು.

ನಾನು ಅದನ್ನು ಕನ್ನಡದಲ್ಲಿ ಹಾಗೆಯೇ ಹೇಳಬೇಕಾಯಿತು. ಜನ ಗುಜುಗುಜು ಎಂದರು. ಶರಣಪ್ಪ ಒಡ್ಡು ಹತ್ತಿದ. ನೀಲವ್ವನ ಕುಡುಗೋಲು ಮೇಲೆದ್ದಿತು. ಆಗ ಅಮೀನರು ಕುದುರೆಯಿಂದ ಇಳಿದರು.

"ಕೇಳವ್ವಾ. ಈ ಸರಹದ್ದಿಗೆ ಪಟವಾರಿ ಇಲ್ಲ, ಕಂದಾಯ ಇಲ್ಲ. ನಾ ಇವನ ಸಾಮಾನೆಲ್ಲ ಬಗ್ಗಿಸಿ ನೋಡೀನಿ. ಖರೇನ ಹುಳಾನೇ ಅದಾವ. ನನಗೂ ಇವನ ಮ್ಯಾಲ ಶಕ್ ಅದ, ಅದಕ್ಕ ನಾನೇ ನೀರಿಗಿಳೀತೀನಿ. ನೀನೂ ನಿಂತು ನೋಡು, ನಿನ್ನ ಮೈದುನನೂ ನೋಡಲಿ."

"ಇವಾ ಒಂದು ಬಟ್ಟೂ ನೀರಿಗೆ ಹಚ್ಚಬಾರದು."

"ಹಚ್ಚಂಗಿಲ್ಲ."

"ನೀರು ಕೈಯಾಗ ಹಿಡದು ಹೇಳ್ರಿ."

ಅಮೀನರು ಬೊಗಸೆಯಲ್ಲಿ ಝರಿಯ ನೀರು ಹಿಡಿದು ಮಾತು ಕೊಟ್ಟರು. ಬಾಬುವಿನ ಜೇಬು, ತೋಳು, ರುಮಾಲು ಎಲ್ಲ ತಪಾಸಣೆಯಾಯಿತು. ನನ್ನದೂ ಆಯಿತು. ಬಾಬು ಒಂದು ಬಂಡೆಯ ಮೇಲೆ ಕೈಕಟ್ಟಿ ಕೂತರು. ಅಮೀನರು ಬೂಟು ಕಳಚಿ, ಇಜಾರ ಮೊಣಕಾಲಿಗೆ ಏರಿಸಿ ಇಳಿದರು. "ಯಾ ಅಲ್ಲಾ, ಏನು ಥಂಡಿ!" ಎಂದದ್ದು ಎಲ್ಲರಿಗೂ ಕೇಳಿಸಿತು. ಒಂದು ಕಲ್ಲು, ಇನ್ನೊಂದು ಕಲ್ಲು, ಮತ್ತೊಂದು. ಏನೂ ಇಲ್ಲ. ಬಾಬುವಿನ ಕಾಲ ಹೆಬ್ಬೆರಳು ಮಣ್ಣನ್ನು ಕೆದರುತ್ತಿತ್ತು. ಸಿಗದಿದ್ದರೆ ಆ ಮೊದಲ ಹುಳುವನ್ನು ನಾನೇ ತಂದಿಟ್ಟೆ ಎಂದಾಗುತ್ತದೆ.

ಬಂಡೆಯ ಬುಡಕ್ಕೆ ಹೋಗಿ ಅಮೀನರು ಒಂದು ಚಪ್ಪಟೆ ಕಲ್ಲನ್ನು ಎತ್ತಿ ಮಗುಚಿದರು. ಹಾಗೆಯೇ ನಿಂತುಬಿಟ್ಟರು.

"ನಡ್ಯಾಕತ್ತದ" ಎಂದರು. ಅವರ ದನಿ ಬೇರೆಯಾಗಿತ್ತು. "ಮನೀ ಎಳಕೊಂಡು ನಡ್ಯಾಕತ್ತದ ಇದು."

ನೀಲವ್ವ ಬಗ್ಗಿ ನೋಡಿದಳು. ಒಡ್ಡು ದಾಟಿ ಶರಣಪ್ಪನೂ ಬಂದ. ಅತ್ತಿಗೆ ಮೈದುನ ಹೆಗಲಿಗೆ ಹೆಗಲು ತಾಗಿಸಿ ನಿಂತದ್ದು ಅವತ್ತೇ ಇರಬೇಕು. ಅಮೀನರು ಆ ಹುಳುವನ್ನು ತಮ್ಮ ಕೈಯಿಂದಲೇ ಬಾಟಲಿಗೆ ಹಾಕಿ, ಬಿರಡೆ ಒತ್ತಿ, ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಬಾಬುವಿನ ಕೈಗೆ ಕೊಡಲಿಲ್ಲ.

"ಇನ್ನು ಗುಡ್ಡದ ಆಚೆ" ಎಂದರು ಬಾಬು.

ಕೆಂಪು ಗುಡ್ಡದ ಆಚೆ ಇಳಿದರೆ ಮತ್ತೆ ಕಪ್ಪು ನೆಲ, ಅದರ ನಡುವೆ ಒಂದು ಹಳ್ಳ. ಕೂಗಿದರೆ ಇಲ್ಲಿಂದ ಅಲ್ಲಿಗೆ ಕೇಳಿಸುವಷ್ಟು ದೂರ. ಮಳೆಗಾಲದ ನೀರು ಅಲ್ಲೂ ಹರಿಯುತ್ತಿತ್ತು, ಕಲ್ಲುಗಳೂ ಇದ್ದವು. ಅಮೀನರು ಈಗ ಯಾರ ಅಪ್ಪಣೆಗೂ ಕಾಯಲಿಲ್ಲ. ಎಷ್ಟು ಕಲ್ಲು ಮಗುಚಿದರೋ. ಕೆಸರಿನ ಹುಳುಗಳು ಬಂದವು, ನೀರಜೀರುಂಡೆಗಳು ಬಂದವು, ಮರಳಮನೆ ಒಂದೂ ಬರಲಿಲ್ಲ. ಜನ ಬೇಸತ್ತು ಒಬ್ಬೊಬ್ಬರೇ ಚದುರಿದರು. ಅವರು ಮಾತ್ರ ಹಳ್ಳದ ಕೆಳಗೆ ಕೆಳಗೆ ಹೋದರು.

"ಇಲ್ಲ ಅಂದ್ರ ಹ್ಯಾಂಗ? ಎಲ್ಲ್ಯಾರ ಅಡಗಿರತಾವ" ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

"ಹುಡುಕಿ ಸಾಹೇಬ್, ಚೆನ್ನಾಗಿ ಹುಡುಕಿ" ಎಂದರು ಬಾಬು. "ಸಿಕ್ಕಿದ್ದನ್ನು ಯಾರು ಬೇಕಾದರೂ ತೋರಿಸಬಹುದು. ಇಲ್ಲವೆಂದು ಹೇಳಬೇಕಾದರೆ ನಿಮ್ಮಂಥವರು ಹುಡುಕಿರಬೇಕು."

ಹೊತ್ತು ಇಳಿಯುವಾಗ ಅಮೀನರು ದಂಡೆಗೆ ಬಂದು ಕೂತರು. ಬೆನ್ನಿಗೆ ಗೋಡೆ ಇರಲಿಲ್ಲ. ಅದು ಅವರ ಗಮನಕ್ಕೂ ಬಂದಂತಿರಲಿಲ್ಲ. "ಈ ಹುಳಾಕ್ಕ ಮುಂದ ರೆಕ್ಕಿ ಬರ್ತಾವ ಅಂದ್ರಿ. ಒಂದು ಗುಡ್ಡ ಹಾರಿದ್ರ ಈ ಹಳ್ಳ. ಯಾಕ ಬರಂಗಿಲ್ಲ? ಯಾರು ತಡದಾರ? ಇಲ್ಲೇನು ಸುಂಕದ ನಾಕಾ ಅದ?"

"ಬರುತ್ತಿರಬಹುದು. ಇಲ್ಲಿ ಮೊಟ್ಟೆಯನ್ನೂ ಇಡುತ್ತಿರಬಹುದು" ಎಂದರು ಬಾಬು. "ಬೇಸಿಗೆಯಲ್ಲಿ ಈ ಹಳ್ಳ ಕಾದು ಒಣಗುತ್ತದೆ. ಮಕ್ಕಳು ಉಳಿಯುವುದಿಲ್ಲ. ಕೆಂಪು ಕಲ್ಲು ಮಳೆಯ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ವರ್ಷವಿಡೀ ತಣ್ಣಗೆ ಬಿಡುತ್ತದೆ. ಅಲ್ಲಿ ಮಾತ್ರ ಬದುಕುತ್ತವೆ." ಹಿಂದೆಂದೋ ಈ ನಾಡೆಲ್ಲ ತಂಪಾಗಿದ್ದಾಗ ಘಟ್ಟದ ಹುಳುಗಳು ಇಲ್ಲಿಯವರೆಗೆ ಹರಡಿದ್ದಿರಬೇಕು, ಬಯಲು ಒಣಗಿದಂತೆ ಹಿಂದೆ ಸರಿದಿರಬೇಕು ಎಂದರು. ರಾಜ್ಯ ಹೋದ ಮೇಲೂ ಕಲಬುರ್ಗಿಯ ಕೋಟೆ ಉಳಿದ ಹಾಗೆ, ಈ ಝರಿಯಲ್ಲಿ ಅವು ಉಳಿದುಕೊಂಡಿವೆ. ಸರಹದ್ದು ನಕಾಶೆಯ ನೇರ ಗೆರೆಯಲ್ಲ, ಎಲ್ಲಿ ತಣ್ಣೀರು ನಿಲ್ಲುತ್ತದೋ ಅಲ್ಲಿ ಅದರ ತುಣುಕುಗಳಿವೆ. ಇಷ್ಟು ಹೇಳಿ, "ಆದರೆ ಇದು ನನ್ನ ಸಂಶಯ ಮಾತ್ರ. ಒಂದು ಝರಿ ನೋಡಿ ನಂಬಬೇಡಿ" ಎಂದು ಸೇರಿಸಿದರು.

ಹಿಂದೆ ಬಂದಿದ್ದ ನೀಲವ್ವನಿಗೆ ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಅವಳು ಮೈದುನನ ಕಡೆ ತಿರುಗಿದಳು. "ಕೇಳಿದೇನೋ ಶರಣ್ಯಾ? ನನ್ನ ನೀರು ಹೊಡಕೊಂಡು ಹೋದ್ರ ಆ ಹುಳಾನೂ ಸಾಯ್ತಾವ, ಸರಕಾರದ ಅಮೀನ್ ಸಾಬ ನೋಡ್ಯಾರ." ಅವರ ಜಗಳ ಅದರಿಂದ ನಿಲ್ಲಲಿಲ್ಲ. ಮುಂದೆ ಹೈದರಾಬಾದಿನ ಅದಾಲತ್ತಿನವರೆಗೆ ಹೋಯಿತು ಎಂದು ಕೇಳಿದ್ದೇನೆ.

ದೀಪಾವಳಿ ಸಮೀಪಿಸಿದಾಗ ಬಾಬು ವಾಡಿಯ ಕಡೆಯ ಗಾಡಿ ಹತ್ತಿದರು. ಸ್ಟೇಷನ್ನಿಗೆ ಅಮೀನರೂ ಬಂದಿದ್ದರು. ಸಾಮಾನನ್ನು ಮತ್ತೊಮ್ಮೆ ತಪಾಸಣೆ ಮಾಡಿಸಿದರು, ಈ ಸಲ ಬಾಟಲಿಗಳನ್ನು ಬಗ್ಗಿಸದೆ. ಎಲ್ಲ ಮುಗಿದ ಮೇಲೆ ಜೇಬಿನಿಂದ ಆ ಪುಟ್ಟ ಬಾಟಲಿ ತೆಗೆದು ಕೊಟ್ಟರು. ಬಾಬು ಅದನ್ನು ಎರಡೂ ಕೈಯಿಂದ ತೆಗೆದುಕೊಂಡರು. ನನಗೆ ನಮಸ್ಕಾರ ಮಾಡಿ, "ನಿಮ್ಮ ಇನ್ನೊಂದು ಕೈಯನ್ನು ಮತ್ತೆಂದೂ ಕೇಳುವುದಿಲ್ಲ" ಎಂದರು. ಮತ್ತೆ ಅವರನ್ನು ನೋಡಲಿಲ್ಲ.

ಕೆಲವು ವರ್ಷಗಳ ನಂತರ ನನ್ನನ್ನು ಮತ್ತೆ ಚೌಕಿಗೆ ಕರೆದರು. ಇಂಗ್ಲಿಷರ ಆಳ್ವಿಕೆಯ ಸೀಮೆಯಿಂದ ಕೋಟು ಹಾಕಿದ ಇಬ್ಬರು ಪೊಲೀಸರು ಬಂದಿದ್ದರು, ಒಬ್ಬ ಗೋರಾ, ಒಬ್ಬ ನಮ್ಮವನೇ. ನಿರಂಜನ ಬಾಬು ಮನೆ ಬಿಟ್ಟು ತಲೆಮರೆಸಿಕೊಂಡಿದ್ದಾರೆ, ಬಾಂಬು ಮಾಡುವವರ ಗುಂಪಿನ ಜೊತೆ ಓಡಾಟವಿತ್ತೆಂದು ಗುಮಾನಿ ಇದೆ ಎಂದರು. ನಿಜಾಮರ ಸೀಮೆಯಲ್ಲಿ ಒಂದು ಮಳೆಗಾಲವಿಡೀ ಏನು ಮಾಡಿದ? ಹುಳು ಹಿಡಿಯುವುದು ಬರೀ ನೆಪವಲ್ಲವೇ? ಕೇಳಿದ್ದಕ್ಕೆ ಗೊತ್ತಿದ್ದಷ್ಟು ಹೇಳಿದೆ. ಸ್ಟೇಷನ್ನಿನ ಕಡೆಯಿಂದ ಬಂದಿದ್ದ ಅಪರಿಚಿತರ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಬಂದು ಹೋದರು ಎಂಬುದರ ಆಚೆ ನನಗೂ ಏನೂ ಗೊತ್ತಿರಲಿಲ್ಲ. ಅಮೀನರು ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ಅವರ ಸರದಿ ಬಂದಾಗ, "ನೆಪ ಅಲ್ಲ. ಹುಳಾ ನಾನೇ ಹಿಡಿದೀನಿ" ಎಂದಷ್ಟೇ ಹೇಳಿದರು. ಗೋರಾ ನಕ್ಕು ಏನೋ ಬರೆದುಕೊಂಡ.

ಆ ಇಬ್ಬರು ಹೋದ ಮೇಲೂ ನಾವು ಅಲ್ಲಿಯೇ ಕೂತಿದ್ದೆವು. ಚಹಾ ಬಂತು. ಅಮೀನರು ಮೂಸಿ ನೋಡಿ ಬಟ್ಟಲನ್ನು ಹಾಗೆಯೇ ಇಟ್ಟರು. ಅವರ ಗಡ್ಡ ಅಷ್ಟರಲ್ಲಿ ಬೆಳ್ಳಗಾಗಿತ್ತು.

"ನಿಮಗ ಏನನಸ್ತದ್ರಿ ಸಾಹೇಬ್ರ?" ಎಂದು ಕೇಳಿದೆ.

"ಬಾಂಬ್ ಮಾಡಿರಬಹುದು. ಮಾಡದೇನೂ ಇರಬಹುದು. ಆ ಮನಶ್ಯಾನ ಹೊಟ್ಟಿಯಾಗ ಏನಿತ್ತೋ ನನಗ ಗೊತ್ತಾಗಲಿಲ್ಲ ಮಾಸ್ತರ." ಆಣೆ ಮಾಡುವವರಂತೆ ಅಂಗೈಯನ್ನು ಮೊಣಕಾಲ ಮೇಲೆ ಊರಿದರು.

"ಆದ್ರ ಆ ಹಳ್ಳದಾಗ ಹುಳಾ ಇದ್ದಿಲ್ಲ. ಅದು ಖರೇ. ನಾ ಹುಡಿಕೀನಿ."